ಈಸ್ಟರ್ ಹಾಡಿಗೂ ಒಂದು ಹೊತ್ತಿದೆ

(ಧಾರವಾಡದಲ್ಲಿ ಹಾಡು ಕೇಳುವ ಹುಚ್ಚಿನವರು ಕೆಲವರು ಆಗಾಗ ಒಂದು ಕಡೆ ಸೇರುತ್ತೇವೆ. ಈಸ್ಟರ್ ಹತ್ತಿರ ಬಂದಾಗ ಅಲ್ಲಿ ಆಡಿದ ಮಾತು ಇದು. ಬರೆಯುವಾಗ ಒಂದಿಷ್ಟು ತಿದ್ದಿದ್ದೇನೆ. ನಡುನಡುವೆ ಬಂದ ಪ್ರಶ್ನೆಗಳನ್ನು ಹಾಗೇ ಬಿಟ್ಟಿದ್ದೇನೆ.)

ಧಾರವಾಡದವರಿಗೆ ಹೊತ್ತಿನ ಬಗ್ಗೆ ಹೇಳಿಕೊಡುವ ಅಗತ್ಯವಿಲ್ಲ. ಹಾಡಿನ ಬೈಠಕ್ ಶುರುವಾಗುತ್ತಲೇ ಯಾರಾದರೂ ಕಟ್ಟಕಡೆಗೆ ಹಾಡುವ ಭೈರವಿ ರಾಗ ಎತ್ತಿಕೊಂಡರೆ ಹಿಂದಿನ ಸಾಲಿನಲ್ಲಿ ತೂಕಡಿಸುವ ಅಜ್ಜ ಕೂಡ ಎಚ್ಚರಾಗಿ ಪಕ್ಕದವರ ಮುಖ ನೋಡುತ್ತಾರೆ. ಮುಂಜಾನೆ ತೋಡಿ, ಮಧ್ಯಾಹ್ನ ಇಳಿಯುವಾಗ ಮುಲ್ತಾನಿ, ದೀಪ ಹಚ್ಚುವ ಹೊತ್ತಿಗೆ ಯಮನ್, ರಾತ್ರಿಗೆ ದರಬಾರಿ. ಇದನ್ನೆಲ್ಲ ನಮಗೆ ಯಾರೂ ಪಾಠ ಮಾಡಿ ಕಲಿಸಲಿಲ್ಲ. 1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಶುರುವಾಯಿತು. ಅಲ್ಲಿಂದ ಮುಂದೆ ಮನೆಮನೆಯ ಅಡುಗೆಮನೆಯಲ್ಲಿ ಒಗ್ಗರಣೆ ಸಪ್ಪಳದ ನಡುವೆಯೇ ನಮ್ಮ ಕಿವಿ ಇದನ್ನು ಕಲಿತುಬಿಟ್ಟಿತು. ಸಂಗೀತ ಗೊತ್ತಿಲ್ಲ ಎನ್ನುವವರಿಗೂ ಇದು ಮುಂಜಾನೆಯದು, ಇದು ರಾತ್ರಿಯದು ಅನ್ನೋದು ಗೊತ್ತು.

ಈ ಕಿವಿ ಇಟ್ಟುಕೊಂಡೇ ಈಸ್ಟರ್ ಹಾಡು ಕೇಳಬಹುದು ಅನ್ನೋದು ಇವತ್ತು ನಾನು ಹೇಳಬೇಕೆಂದಿರುವ ಮಾತು. ಯುರೋಪಿನ ಚರ್ಚುಗಳಲ್ಲಿ ಹತ್ತಾರು ಜನ ಸೇರಿ ಹಾಡುವ, ರೇಡಿಯೊದಲ್ಲಿ ಪ್ರಸಾರವಾಗುವ ಆ ಹಾಡುಗಳ ಬಗ್ಗೆ ಹೇಳುತ್ತಿದ್ದೇನೆ. ಬಹಳ ಜನ ಅವನ್ನು ಒಂದೊಂದೇ ಬಿಡಿಯಾಗಿ ಕೇಳಿ, "ಚಂದ ಐತಿ, ಆದ್ರ ಎಲ್ಲಾ ಒಂದೇ ಥರ" ಅಂತ ಬಿಟ್ಟುಬಿಡುತ್ತಾರೆ. ಬಿಡಿಯಾಗಿ ಕೇಳಿದರೆ ಹಾಗೇ ಅನಿಸುತ್ತದೆ. ಅದು ಹೊತ್ತು ನೋಡಿ ಹಾಡುವ ಹಾಡು. ಮೂರ್ನಾಲ್ಕು ದಿನ ಉದ್ದದ ಒಂದೇ ಬೈಠಕ್ ಅಂತ ಇಟ್ಟುಕೊಳ್ಳಿ.

ಶಿಲುಬೆಯ ಮೇಲೆ ಸತ್ತ ಯೇಸು ಮತ್ತೆ ಎದ್ದ ದಿನದ ಹಬ್ಬ ಈಸ್ಟರ್. ಅದಕ್ಕೆ ಮುಂಚೆ ನಲವತ್ತು ದಿನದ ಉಪವಾಸದ ಕಾಲ ಬರುತ್ತದೆ. ವಿಭೂತಿ ಬುಧವಾರದಿಂದ ಅದು ಶುರು. ಅಷ್ಟು ದಿನವೂ ಕ್ಯಾಥೊಲಿಕ್ ಚರ್ಚುಗಳಲ್ಲಿ 'ಅಲ್ಲೆಲೂಯ', ಅಂದರೆ ದೇವರಿಗೆ ಸ್ತುತಿ, ಅಂತ ಹಾಡುವಂತಿಲ್ಲ. ಬಾಕಿ ವರ್ಷವೆಲ್ಲ ಬಾಯಲ್ಲಿ ಆಡುವ ಮಾತದು, ಆದರೆ ಆ ನಲವತ್ತು ದಿನ ಬಂದ್. ಈಸ್ಟರ್ ಹಿಂದಿನ ಗುರುವಾರ ರಾತ್ರಿಯ ಪೂಜೆಯಲ್ಲಿ 'ಗ್ಲೋರಿಯ' ಅನ್ನುವ ದೇವರ ಮಹಿಮೆಯ ಹಾಡು ಹಾಡುವಾಗ ಗಂಟೆಗಳನ್ನೆಲ್ಲ ಬಾರಿಸುತ್ತಾರೆ. ಆಮೇಲೆ ಗಂಟೆಯೂ ಇಲ್ಲ, ಆರ್ಗನ್ನೂ ಇಲ್ಲ. ಗಂಟೆ ಬಾರಿಸಬೇಕಾದ ಕಡೆ ಕಟ್ಟಿಗೆಯ ಪಟಪಟ ಸಪ್ಪಳ ಮಾಡುತ್ತಾರೆ. ಯೇಸು ಶಿಲುಬೆಗೇರಿದ ಶುಭ ಶುಕ್ರವಾರ ಹಾಡುವವರ ಗಂಟಲು ಬಿಟ್ಟರೆ ಬೇರೇನೂ ಆಸರೆ ಇರೋದಿಲ್ಲ. ಶನಿವಾರ ರಾತ್ರಿ ಕತ್ತಲಲ್ಲಿ ಒಂದು ದೊಡ್ಡ ಮೇಣದಬತ್ತಿ ಹಚ್ಚಿ, ಒಬ್ಬರೇ ಉದ್ದಕ್ಕೆ ಒಂದು ಹಾಡು ಹಾಡುತ್ತಾರೆ. ಆ ರಾತ್ರಿಯ ಗ್ಲೋರಿಯಕ್ಕೆ ಗಂಟೆ, ಆರ್ಗನ್ ಎರಡೂ ಒಟ್ಟಿಗೆ ವಾಪಸು ಬರುತ್ತವೆ. ಅಲ್ಲೆಲೂಯವೂ ಬರುತ್ತದೆ. ಗುರುವಾರದಿಂದ ಕೇಳುತ್ತ ಬಂದವರಿಗೆ ಆ ಕ್ಷಣ ಮೈ ಜುಮ್ ಅನ್ನುತ್ತದೆ. ಭಾನುವಾರ ಸುಮ್ನೆ ಅದೊಂದನ್ನೇ ಹಾಕಿಕೊಂಡು ಕೇಳಿದವರಿಗೆ ಅದು ಬರೀ ಜೋರಾದ ಹಾಡು.

ಇದಕ್ಕೆ ಒಳ್ಳೆಯ ಉದಾಹರಣೆ ಹ್ಯಾಂಡೆಲ್ ಅನ್ನುವ ಸಂಗೀತಗಾರ ಯೇಸುವಿನ ಬಗ್ಗೆ ಕಟ್ಟಿದ 'ಮೆಸಾಯ'. ಅದರ 'ಹಲ್ಲೆಲೂಯ' (ಅಲ್ಲೆಲೂಯ ಅನ್ನೋದರ ಇನ್ನೊಂದು ರೂಪ) ಕೇಳದವರು ಕಡಿಮೆ. ಜಾಹೀರಾತಿನಲ್ಲೂ ಬರುತ್ತದೆ, ಡಿಸೆಂಬರ್ ಬಂದರೆ ಮಾಲುಗಳಲ್ಲೂ ಬರುತ್ತದೆ. ಎಲ್ಲರೂ ಅದನ್ನು ಕ್ರಿಸ್‌ಮಸ್ ಹಾಡು ಅಂದುಕೊಂಡಿದ್ದಾರೆ. ಆದರೆ ಅದು ಮೊದಲ ಸಲ ಸಾರ್ವಜನಿಕವಾಗಿ ಹಾಡಿದ್ದು 1742ರ ಏಪ್ರಿಲ್ 13ರಂದು, ಐರ್ಲೆಂಡಿನ ಡಬ್ಲಿನ್‌ನಲ್ಲಿ, ಈಸ್ಟರ್ ಹತ್ತಿರ ಬಂದ ದಿನಗಳಲ್ಲಿ. ಜನ ಜಾಸ್ತಿ ಬರ್ತಾರೆ ಅಂತ ಹೆಂಗಸರು ಲಂಗದೊಳಗಿನ ಬಳೆಚೌಕಟ್ಟು ಬಿಟ್ಟು ಬರಬೇಕು, ಗಂಡಸರು ಸೊಂಟದ ಕತ್ತಿ ಬಿಟ್ಟು ಬರಬೇಕು ಅಂತ ಮೊದಲೇ ಕೇಳಿಕೊಂಡಿದ್ದರು. ಬಂದ ದುಡ್ಡು ಆಸ್ಪತ್ರೆಗಳಿಗೆ ಮತ್ತು ಸಾಲ ತೀರಿಸಲಾಗದೆ ಜೈಲಿನಲ್ಲಿದ್ದವರ ಬಿಡುಗಡೆಗೆ ಹೋಯಿತು. ಆ ಕೃತಿಯಲ್ಲಿ ಮೂರು ಭಾಗ ಇವೆ. ಹುಟ್ಟಿನ ಕತೆ ಮೊದಲ ಭಾಗದಲ್ಲೇ ಮುಗಿಯುತ್ತದೆ. ಎರಡನೆಯದರಲ್ಲಿ ಹೊಡೆತ, ಅವಮಾನ, ಸಾವು, ಏಳುವುದು ಎಲ್ಲ ಬಂದು, ಕಟ್ಟಕಡೆಗೆ ಹಲ್ಲೆಲೂಯ. ಅಂದರೆ ಆ ಕೂಗಿಗೆ ಮುಂಚೆ ಅಷ್ಟೊಂದು ನೋವು ದಾಟಿ ಬರಬೇಕು. ನಾವು ದಾರಿ ಬಿಟ್ಟು ಬರೀ ಊರಿನ ಅಗಸಿ ಬಾಗಿಲನ್ನಷ್ಟೇ ಕಿತ್ತು ತಂದು ಮಾಲಿನಲ್ಲಿ ನಿಲ್ಲಿಸಿದ್ದೇವೆ.

ಈಗ ರೇಡಿಯೊ ಮಾತಿಗೆ ಬರ್ತೀನಿ. ಹೊತ್ತು ಕಾಯುವುದಕ್ಕೆ ರೇಡಿಯೊದಷ್ಟು ಒಳ್ಳೆಯ ಕಾವಲುಗಾರ ಇನ್ನೊಬ್ಬನಿಲ್ಲ. ನಿಮಗೆ ಬೇಕಾದಾಗ ಅದು ಹಾಡುವುದಿಲ್ಲ. ಮುಂದಕ್ಕೆ ಓಡಿಸಲಾಗದು, ಹಿಂದಕ್ಕೆ ಎಳೆಯಲಾಗದು. ಬಿಬಿಸಿಯಲ್ಲಿ 'ಕೋರಲ್ ಈವನ್‌ಸಾಂಗ್' ಅಂತ ಒಂದು ಕಾರ್ಯಕ್ರಮ ಇದೆ. ಯಾವುದಾದರೂ ಚರ್ಚಿನ ಸಂಜೆಯ ಪ್ರಾರ್ಥನೆಯನ್ನು ಅಲ್ಲಿಂದಲೇ ಪ್ರಸಾರ ಮಾಡುತ್ತಾರೆ. ಮೊದಲ ಪ್ರಸಾರ ಆದದ್ದು 1926ರ ಅಕ್ಟೋಬರ್ 7ರಂದು, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಿಂದ. 1970ರಲ್ಲಿ ಅದನ್ನು ತಿಂಗಳಿಗೊಮ್ಮೆ ಮಾಡಲು ಹೊರಟಾಗ ಕೇಳುಗರು ಪತ್ರದ ಮೇಲೆ ಪತ್ರ ಬರೆದು ಮತ್ತೆ ವಾರಕ್ಕೊಮ್ಮೆ ತರಿಸಿದರು. ಆಕಾಶವಾಣಿಗೆ ಕಾರ್ಡು ಬರೆದು ಬರೆದು ಪೋಸ್ಟ್‌ಮನ್ ಕೈಗೆ ಕೆಲಸ ಕೊಟ್ಟ ನಮ್ಮ ಊರಿನ ಮಂದಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ, ಅಲ್ವಾ? ವ್ಯಾಟಿಕನ್ ಕೂಡ ತಡ ಮಾಡಲಿಲ್ಲ. 1931ರ ಫೆಬ್ರವರಿ 12ರಂದು ಅಲ್ಲಿ ರೇಡಿಯೊ ಶುರುವಾಯಿತು. ಕಟ್ಟಿಕೊಟ್ಟವನು ಸ್ವತಃ ಮಾರ್ಕೋನಿ.

ನಮ್ಮ ಹುಬ್ಬಳ್ಳಿ ಮನೆಯಲ್ಲಿ ಶಾರ್ಟ್‌ವೇವ್ ಇದ್ದ ರೇಡಿಯೊ ಇತ್ತು. ಅದರಲ್ಲಿ ಕೋರಸ್ ಹಾಡು ಕೇಳುವುದು ಒಂದು ಸಾಹಸ. ವಾರ್ತೆಯಾದರೆ ನಡೆಯುತ್ತದೆ. ನಡುವೆ ಒಂದು ಶಬ್ದ ಮುಳುಗಿದರೂ ಅರ್ಥ ಹೊಂದಿಸಿಕೊಳ್ಳಬಹುದು. ಹಾಡಿನ ವಿಷಯ ಹಾಗಲ್ಲ. ಶಾರ್ಟ್‌ವೇವ್ ಅಲೆ ಮೇಲಿನ ವಾತಾವರಣದ ಪದರಕ್ಕೆ ಬಡಿದು ವಾಪಸು ಬರುತ್ತದೆ, ಅದೂ ಒಂದೇ ದಾರಿಯಲ್ಲಿ ಬರುವುದಿಲ್ಲ. ಬೇರೆ ಬೇರೆ ದಾರಿಯಲ್ಲಿ ಬಂದದ್ದು ನಮ್ಮ ಏರಿಯಲ್ ತಂತಿಯಲ್ಲಿ ಸೇರಿದಾಗ ಒಮ್ಮೆ ಕೂಡಿಕೊಳ್ಳುತ್ತದೆ, ಒಮ್ಮೆ ಕಳೆದುಹೋಗುತ್ತದೆ. ಹಾಗಾಗಿ ಹಾಡು ಉಬ್ಬುತ್ತ ಇಳಿಯುತ್ತ ಬರುತ್ತದೆ. ಜೊತೆಗೆ ನಮ್ಮ ಏಪ್ರಿಲ್ ಬೇರೆ. ಸಂಜೆಯಾದರೆ ಎಲ್ಲೋ ಹಾವೇರಿ ಕಡೆ ಅಡ್ಡಮಳೆ, ಮಿಂಚು. ಒಂದೊಂದು ಮಿಂಚಿಗೂ ರೇಡಿಯೊದಲ್ಲಿ ಕರ್ರ್ ಅಂತ ಸಪ್ಪಳ. ಶಿಲುಬೆಯ ಕತೆ ಹಾಡುವಾಗ ಆ ಗುಡುಗು ಸರಿಯಾಗೇ ಹೊಂದುತ್ತಿತ್ತು, ಅದು ಬೇರೆ ಮಾತು.

ಹೊತ್ತಿನ ಲೆಕ್ಕ ಮಾತ್ರ ಹುಷಾರಾಗಿ ಹಾಕಬೇಕು. ಈಸ್ಟರ್ ಒಂದೇ ತಾರೀಖಿಗೆ ಬರುವುದಿಲ್ಲ. ಅವರೂ ಹುಣ್ಣಿಮೆ ನೋಡಿಯೇ ಹಬ್ಬ ಗೊತ್ತು ಮಾಡುವವರು. ಮಾರ್ಚ್ 21 ಅಥವಾ ಅದರ ನಂತರದ ಮೊದಲ ಹುಣ್ಣಿಮೆ ಆದ ಮೇಲೆ ಬರುವ ಭಾನುವಾರ ಈಸ್ಟರ್. ಹಾಗಾಗಿ ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಯಾವಾಗ ಬೇಕಾದರೂ ಬರಬಹುದು. ಇದರ ನಡುವೆ ಇಂಗ್ಲೆಂಡಿನವರು ಮಾರ್ಚ್ ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಅದಕ್ಕೆ ಮುಂಚೆ ನಮಗೂ ಅವರಿಗೂ ಐದೂವರೆ ಗಂಟೆ ಅಂತರ, ಆಮೇಲೆ ನಾಲ್ಕೂವರೆ. 2024ರಲ್ಲಿ ಈಸ್ಟರ್ ಬಂದದ್ದು ಮಾರ್ಚ್ 31ಕ್ಕೆ, ಸರಿಯಾಗಿ ಗಡಿಯಾರ ತಿರುಗಿಸುವ ದಿನವೇ. ಶುಕ್ರವಾರದ ಪ್ರಸಾರಕ್ಕೆ ಒಂದು ಲೆಕ್ಕ, ಭಾನುವಾರದ ಪ್ರಸಾರಕ್ಕೆ ಇನ್ನೊಂದು. ಆ ವರ್ಷ ಹೋಳಿಯೂ ಅದೇ ವಾರ. ಹುಬ್ಬಳ್ಳಿಯ ಹೋಳಿ ನಿಮಗೆ ಗೊತ್ತಲ್ಲ, ಹುಣ್ಣಿಮೆಗೆ ಮುಗಿಯುವುದಿಲ್ಲ, ರಂಗಪಂಚಮಿವರೆಗೆ ಎಳೆಯುತ್ತದೆ. ಶುಭ ಶುಕ್ರವಾರದ ಸಂಜೆ ಹೊರಗೆ ಓಣಿಯಲ್ಲಿ ಹುಡುಗರ ಹಲಗಿ, ಒಳಗೆ ನನ್ನ ಹೆಡ್‌ಫೋನಿನಲ್ಲಿ ಜರ್ಮನ್ ಸಂಗೀತಗಾರ ಬಾಖ್. ಯಾರಿಗೆ ಬೈಯಲಿ? ಅವರ ಹಬ್ಬದ ಹೊತ್ತು ಅದು. ಅವರೂ ವರ್ಷಕ್ಕೊಮ್ಮೆ ಬಾರಿಸುವವರೇ.

"ಸರ, ನಾಲ್ಕು ಮಂದಿ ನಾಲ್ಕು ಥರ ಹಾಡಿದ್ರ ಯಾರನ್ನ ಕೇಳೂದು?" ಅಂತ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ನಮ್ಮದು ಒಂದು ಗಂಟಲಿನ ಸಂಗೀತ. ತಂಬೂರಿ ಷಡ್ಜ ಹಿಡಿದಿರುತ್ತದೆ, ಒಬ್ಬರು ಹಾಡುತ್ತಾರೆ, ಹಾರ್ಮೋನಿಯಂ ಹಿಂದೆ ಹಿಂದೆ ಬರುತ್ತದೆ. ಒಂದೇ ಸ್ವರದ ಮೇಲೆ ನಿಂತು ಅದರ ಸುತ್ತ ಮನೆ ಕಟ್ಟುವುದು ನಮ್ಮ ರೀತಿ. ಆ ಕೋರಸ್ ಹಾಡಿನಲ್ಲಿ ಸ್ವರಗಳು ಒಂದರ ಪಕ್ಕ ಒಂದು ಬರುವುದಕ್ಕಿಂತ ಒಂದರ ಮೇಲೊಂದು ನಿಲ್ಲುತ್ತವೆ. ಹೆಂಗಸರ ಅಥವಾ ಹುಡುಗರ ಮೇಲಿನ ದನಿ ಸೊಪ್ರಾನೊ, ಅದರ ಕೆಳಗೆ ಆಲ್ಟೊ, ಗಂಡಸರಲ್ಲಿ ಟೆನರ್, ತಳಕ್ಕೆ ಬೇಸ್. ನಮ್ಮ ಕಿವಿ ತಾನಾಗೇ ಮೇಲಿನ ದನಿಯ ಬೆನ್ನು ಹತ್ತುತ್ತದೆ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಹುಡುಕುತ್ತದೆ, ಸಿಗುವುದಿಲ್ಲ. ಆಲಾಪ ಬಿಚ್ಚಿಕೊಳ್ಳುತ್ತದೆ ಅಂತ ಕಾಯುತ್ತದೆ, ಅದೂ ಇಲ್ಲ. ಆಮೇಲೆ ಬೇಜಾರು.

ನನ್ನ ಸಲಹೆ ಏನಂದರೆ, ತಳದಿಂದ ಕೇಳಿ. ಬೇಸ್ ದನಿ ಹಿಡಿದುಕೊಳ್ಳಿ, ಅದು ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಹೋಗಿ. ತಂಬೂರಿ ಕೇಳಿ ಬೆಳೆದ ಕಿವಿಗೆ ಇದು ಕಷ್ಟವಲ್ಲ. ವ್ಯತ್ಯಾಸ ಇಷ್ಟೇ, ಇಲ್ಲಿ ತಂಬೂರಿ ನಡೆದಾಡುತ್ತದೆ. ತಳ ಒಂದು ಹೆಜ್ಜೆ ಸರಿದರೆ ಮೇಲಿನ ಅದೇ ಸ್ವರದ ಬಣ್ಣವೇ ಬೇರೆಯಾಗುತ್ತದೆ.

ಇಲ್ಲಿ ಒಂದು ವಿಜ್ಞಾನದ ವಿಷಯವನ್ನೂ ಹೇಳಿಬಿಡ್ತೀನಿ, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವನ ಚಟ ಇದು. ಸಣ್ಣ ರೇಡಿಯೊದ ಸ್ಪೀಕರಿನಲ್ಲಿ ಬೇಸ್ ದನಿಯ ಮೂಲ ಸ್ವರ ಬರುವುದೇ ಇಲ್ಲ. ಗಂಡಸಿನ ದನಿ ಸೆಕೆಂಡಿಗೆ 80 ಕಂಪನದ ಹತ್ತಿರಕ್ಕೂ ಇಳಿಯುತ್ತದೆ. ಅಂಗೈಯಷ್ಟು ಸ್ಪೀಕರ್ ಅದನ್ನು ನುಡಿಸಲಾರದು. ಆದರೂ ನಮಗೆ ಕೇಳಿಸುತ್ತದೆ. ಹೇಗೆ? ಒಂದು ಸ್ವರದ ಜೊತೆ ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟಿನ ಸ್ವರಗಳೂ ಇರುತ್ತವೆ. ತಂಬೂರಿಯಲ್ಲಿ ನಾವು ಕೇಳುವ ಗಾಂಧಾರ ಹುಟ್ಟುವುದೇ ಹಾಗೆ. ಆ ಮೇಲಿನವು ಕಿವಿಗೆ ಬಿದ್ದರೆ ಸಾಕು, ಇಲ್ಲದ ಮೂಲವನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಹಳೆಯ ಲ್ಯಾಂಡ್‌ಲೈನ್ ಫೋನು 300 ಹರ್ಟ್ಸ್‌ಗಿಂತ ಕೆಳಗಿನದನ್ನು ಸಾಗಿಸುತ್ತಲೇ ಇರಲಿಲ್ಲ. ಅಪ್ಪನ ಮಾತಿನ ಮೂಲ ಸ್ವರ ಅದಕ್ಕಿಂತ ಎಷ್ಟೋ ಕೆಳಗೆ. ಆದರೂ ಫೋನಿನಲ್ಲಿ ಅಪ್ಪನ ದನಿ ಅಪ್ಪನದೇ ಆಗಿ ಕೇಳಿಸುತ್ತಿತ್ತು. ಅಂದರೆ ಡಬ್ಬಾ ರೇಡಿಯೊದಲ್ಲಿ ಕೋರಸ್ ಕೇಳಿದವರು ಕಾಲುಭಾಗ ಹಾಡನ್ನು ತಾವೇ ಮನಸ್ಸಿನಲ್ಲಿ ಕಟ್ಟಿಕೊಂಡು ಕೇಳಿದವರು. ಈಗ ಹೆಡ್‌ಫೋನ್ ಇದೆ, ಅಷ್ಟು ಕಷ್ಟ ಬೇಡ.

ಬೇಸ್ ದನಿಯ ಬಗ್ಗೆ ನಾನು ಕೇಳಿದ ಒಳ್ಳೆಯ ಮಾತು ಪುಸ್ತಕದ್ದಲ್ಲ. ನನ್ನ ಜೊತೆ ಗಣಿತ ಹೇಳುತ್ತಿದ್ದ ಒಬ್ಬರು ಇದ್ದರು, ಗದಗಿನ ಬೆಟಗೇರಿಯವರು, ಚರ್ಚಿನ ಕ್ವಾಯರಿನಲ್ಲಿ, ಅಂದರೆ ಹಾಡುವ ಗುಂಪಿನಲ್ಲಿ, ಬೇಸ್ ಹಾಡುತ್ತಿದ್ದರು. ಒಂದು ಸಲ ಸ್ಟಾಫ್ ರೂಮಿನಲ್ಲಿ ಕೇಳಿದೆ, ನಿಮ್ಮ ಭಾಗ ಹಾಡಿ ತೋರಿಸಿ ಅಂತ. ಹಾಡಿದರು. ಅದರಲ್ಲಿ ಹಾಡು ಅನ್ನುವಂಥದ್ದೇ ಇರಲಿಲ್ಲ. ಅದೇ ಎರಡು ಮೂರು ಸ್ವರ, ಹೋಗೋದು, ಬರೋದು. ನಾನು ನಕ್ಕೆ. ಅವರು ಚಹಾ ಕುಡಿಯುತ್ತ ಹೇಳಿದರು: "ನಾ ಹಾಡಿದ್ದು ಯಾರಿಗೂ ಕೇಳ್ಸೂದಿಲ್ರಿ. ನಾ ಸುಮ್ನಾದ್ರ ಎಲ್ಲಾರಿಗೂ ಗೊತ್ತಾಗತೈತಿ."

ಅವರಿಂದಲೇ ನನಗೆ ಇನ್ನೊಂದು ವಿಷಯ ತಿಳಿಯಿತು. ಅದಕ್ಕೆ ಬಾಖ್‌ನ ಮಾತು ಮೊದಲು ಹೇಳಬೇಕು.

'ಸೇಂಟ್ ಮ್ಯಾಥ್ಯೂ ಪ್ಯಾಶನ್' ಅಂತ ಬಾಖ್‌ನ ದೊಡ್ಡ ಕೃತಿ. ಮತ್ತಾಯನ ಸುವಾರ್ತೆಯಲ್ಲಿ ಬರುವ ಯೇಸುವಿನ ಕೊನೆಯ ದಿನಗಳ ಕತೆ. 1727ರ ಶುಭ ಶುಕ್ರವಾರ ಜರ್ಮನಿಯ ಲೈಪ್ಜಿಗ್ ಊರಿನ ಥಾಮಸ್ ಚರ್ಚಿನಲ್ಲಿ ಮೊದಲು ಹಾಡಿದ್ದು ಅಂತ ಈಗ ಒಪ್ಪುತ್ತಾರೆ. ಎರಡು ಭಾಗ, ನಡುವೆ ಪ್ರವಚನ. ಈಗ ಪ್ರವಚನ ಬಿಟ್ಟು ಹಾಡಿದರೂ ಎರಡೂವರೆ ಗಂಟೆಗಿಂತ ಜಾಸ್ತಿ ಹಿಡಿಯುತ್ತದೆ. ಬಾಖ್ ಹೋದ ಮೇಲೆ ಅದನ್ನು ಬಹುತೇಕ ಎಲ್ಲರೂ ಮರೆತಿದ್ದರು. 1829ರ ಮಾರ್ಚ್ 11ರಂದು ಬರ್ಲಿನ್ನಿನಲ್ಲಿ ಮೆಂಡೆಲ್ಸನ್ ಅನ್ನುವ ಸಂಗೀತಗಾರ ಅದನ್ನು ಮತ್ತೆ ಹಾಡಿಸಿದ. ಆಗ ಅವನಿಗೆ ಬರೀ ಇಪ್ಪತ್ತು ವರ್ಷ.

ಅದರ ಮೊದಲ ಹಾಡನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಇಲ್ಲಿ ಎರಡು ಕ್ವಾಯರ್, ಎರಡು ವಾದ್ಯಮೇಳ. ಶುರುವಿನಲ್ಲಿ ತಳದ ವಾದ್ಯಗಳು ಒಂದೇ ಸ್ವರವನ್ನು ಹಿಡಿದು ಮಿಡಿಯುತ್ತಾ ನಿಲ್ಲುತ್ತವೆ. ನಮ್ಮವರಿಗೆ ಅಲ್ಲೇ ನೆಲ ಸಿಗುತ್ತದೆ, ಷಡ್ಜ ಕೂತ ಹಾಗೆ. ಅದರ ಮೇಲೆ ಮೊದಲ ಕ್ವಾಯರ್, ಬನ್ನಿ, ನನ್ನ ಜೊತೆ ಅಳಿ ಅಂತ ಕರೆಯುತ್ತದೆ. "ನೋಡಿ" ಅನ್ನುತ್ತದೆ. ಎರಡನೆಯ ಕ್ವಾಯರ್ ಆ ಕಡೆಯಿಂದ ಒಂದೇ ಉಸಿರಿಗೆ ಕೇಳುತ್ತದೆ: "ಯಾರನ್ನ?" "ಮದುಮಗನನ್ನ. ನೋಡಿ ಅವನನ್ನ." "ಹೇಗೆ?" "ಕುರಿಮರಿಯ ಹಾಗೆ." ಆ 'ಯಾರನ್ನ', 'ಹೇಗೆ' ಅನ್ನೋದು ಜರ್ಮನ್ನಿನಲ್ಲಿ ಒಂದೊಂದೇ ಅಕ್ಷರದಷ್ಟು ಚಿಕ್ಕದು. ಕತ್ತಲಲ್ಲಿ ಏನೋ ಗದ್ದಲ ಕೇಳಿ ಕಿಟಕಿ ತೆರೆದು ಕೇಳಿದವರಂತೆ ಇರುತ್ತದೆ. ಇಷ್ಟು ನಡೆಯುತ್ತಿರುವಾಗಲೇ ಇವೆರಡರ ಮೇಲಿಂದ ಹುಡುಗರ ದನಿಯಲ್ಲಿ ಮೂರನೆಯದೊಂದು ಹಾಡು ತೇಲಿ ಬರುತ್ತದೆ. ಅದು ಲೈಪ್ಜಿಗ್ಗಿನ ಜನಕ್ಕೆ ಮೊದಲೇ ಗೊತ್ತಿದ್ದ ಪ್ರಾರ್ಥನೆಯ ಹಾಡು. ಶಾರ್ಟ್‌ವೇವ್‌ನಲ್ಲಿ ಇದೆಲ್ಲ ಕಲಸಿ ಒಂದಾಗುತ್ತಿತ್ತು. ಹೆಡ್‌ಫೋನಿನಲ್ಲಿ ಕೇಳಿದರೆ ಕರೆಯುವವರು ಎಡಗಿವಿಗೆ, ಕೇಳುವವರು ಬಲಗಿವಿಗೆ. ನೀವು ನಡುವೆ ನಿಂತಿರುತ್ತೀರಿ.

ಇನ್ನೊಂದು ಜಾಗ. ಈ ಕೃತಿಯಲ್ಲಿ ಯೇಸು ಮಾತಾಡಿದಾಗಲೆಲ್ಲ ಪಿಟೀಲುಗಳು ಹಿಂದೆ ಮೆಲ್ಲಗೆ ಹಿಡಿದಿರುತ್ತವೆ. ಬೇರೆ ಯಾರ ಮಾತಿಗೂ ಅದಿಲ್ಲ. ಗಂಟೆಗಟ್ಟಲೆ ಕೇಳಿ ಕೇಳಿ ಅದು ಇದೆ ಅನ್ನುವುದೇ ನಮಗೆ ಮರೆತುಹೋಗಿರುತ್ತದೆ. ಶಿಲುಬೆಯ ಮೇಲೆ "ದೇವರೇ, ನನ್ನ ಕೈ ಯಾಕೆ ಬಿಟ್ಟೆ" ಎಂದು ಕೇಳುವಾಗ ಮಾತ್ರ ಪಿಟೀಲು ಇಲ್ಲ. ಬಾಖ್ ತೆಗೆದುಬಿಟ್ಟಿದ್ದಾನೆ. ಭಾಷೆ ಬರದಿದ್ದರೂ ಏನೋ ಹೋಯಿತು ಅಂತ ಕಿವಿಗೆ ತಿಳಿಯುತ್ತದೆ. ಆದರೆ ಮೊದಲಿನಿಂದ ಕೇಳಿದವರಿಗೆ ಮಾತ್ರ. ಆ ಎರಡು ನಿಮಿಷವನ್ನಷ್ಟೇ ಕತ್ತರಿಸಿ ಯಾರೋ ವಾಟ್ಸಾಪಿನಲ್ಲಿ ಕಳಿಸಿದರೆ ಅಲ್ಲಿ ಏನೂ ಇರುವುದಿಲ್ಲ.

ರೋಮನ್ ಅಧಿಕಾರಿ ಪಿಲಾತ ಜನರನ್ನು ಕೇಳುವ ಜಾಗವೂ ಹಾಗೇ. ಯೇಸು, ಸೆರೆಯಲ್ಲಿದ್ದ ಬರಬ್ಬ, ಈ ಇಬ್ಬರಲ್ಲಿ ಯಾರನ್ನು ಬಿಡಲಿ ಅಂತಾನೆ. ಎರಡೂ ಕ್ವಾಯರ್ ಸೇರಿ ಒಂದೇ ಹೆಸರು ಕೂಗುತ್ತವೆ: "ಬರಬ್ಬ!" ಅಷ್ಟೇ, ಮುಗಿಯಿತು. ಕರ್ಕಶವಾದ ಒಂದೇ ಏಟು. ಹಾಡು ಬೇಡ ಅನ್ನಿಸಿದ ಕಡೆ ಬಾಖ್ ಹಾಡು ಹಾಕಿಲ್ಲ.

ಈಗ ಬೆಟಗೇರಿಯ ಮೇಷ್ಟ್ರ ವಿಷಯ. ಈ ಕೃತಿಯ ನಡುನಡುವೆ ಸಾದಾ ಪ್ರಾರ್ಥನೆ ಹಾಡುಗಳು ಬರುತ್ತವೆ. ಅದರಲ್ಲಿ ಒಂದು ಧಾಟಿ ಐದು ಸಲ ಬರುತ್ತದೆ. ನಾನು ಅದನ್ನು ಟೇಪಿನಲ್ಲಿ ಹಾಕಿ ಕೇಳಿಸಿದಾಗ ಅವರು ಮೊದಲ ಸಾಲಿಗೇ ಕೈ ಎತ್ತಿದರು. "ಇದು ನಮ್ಮ ಶುಭ ಶುಕ್ರವಾರದ ಹಾಡಲ್ರೀ!" ಅಂದು ಕನ್ನಡದಲ್ಲಿ ಜೊತೆಗೇ ಹಾಡತೊಡಗಿದರು. ಬೇಸ್ ಭಾಗವನ್ನೇ ಹಾಡಿದರು, ಅಭ್ಯಾಸ ಬಿಡಬೇಕಲ್ಲ. ಅವರ ಕನ್ನಡ ಪದಗಳ ಕೆಳಗೆ ಬಾಖ್‌ನ ತಳ ಬೇರೆ ದಾರಿ ಹಿಡಿದು ಹೋಗುತ್ತಿತ್ತು. ಅವರು ಒಂದು ಕಡೆ ನಿಂತು, "ಇಲ್ಲಿ ಯಾಕ ಹಿಂಗ ಹೊಳ್ಳಿದ?" ಅಂತ ಕೇಳಿದರು. ಬಾಖ್‌ನ ಜೊತೆ ಜಗಳಕ್ಕೆ ನಿಂತ ಹಾಗಿತ್ತು. ಟೇಪು ಹಿಂದಕ್ಕೆ ತಿರುಗಿಸಿ ಅದೇ ಜಾಗ ಮತ್ತೆ ಮತ್ತೆ ಕೇಳಿದೆವು.

ಆ ಧಾಟಿ ಬೆಟಗೇರಿಗೆ ಬಂದ ದಾರಿ ಸೊಗಸಾಗಿದೆ. ಅದನ್ನು ಕಟ್ಟಿದ್ದು ಹಾನ್ಸ್ ಲಿಯೊ ಹಾಸ್ಲರ್ ಅನ್ನುವ ಜರ್ಮನ್, 1601ರಲ್ಲಿ ಅಚ್ಚಾಯಿತು. ಆಗ ಅದು ಪ್ರೇಮಗೀತೆ. ಹುಡುಗಿಯೊಬ್ಬಳ ಮೇಲೆ ಮನಸ್ಸಾಗಿ ಬುದ್ಧಿ ಕಲಕಿಹೋಗಿದೆ ಅನ್ನುವ ಹಾಡು! 1656ರಲ್ಲಿ ಪಾಲ್ ಗೆರ್ಹಾರ್ಟ್ ಬರೆದ ಯೇಸುವಿನ ಗಾಯದ ಹಾಡಿಗೆ ಅದೇ ಧಾಟಿ ಹೊಂದಿಕೊಂಡಿತು. ಬಾಖ್ ಅದನ್ನು ಎತ್ತಿಕೊಂಡ. ಜರ್ಮನ್ ಮಾತಾಡುವ ನಾಡಿನ ಚರ್ಚುಗಳಲ್ಲಿ ಅದು ಮನೆಮಾತಾಯಿತು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ ಬಂದರು, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ. ಅವರ ಶಾಲೆ, ಹೆಂಚು, ಅಚ್ಚುಕೂಟ, ಕಿಟ್ಟೆಲ್ಲರ ನಿಘಂಟು ಇವುಗಳ ಬಗ್ಗೆ ನಾವು ಬೇಕಾದಷ್ಟು ಮಾತಾಡುತ್ತೇವೆ. ಅವರು ಹೊತ್ತು ತಂದ ಧಾಟಿಗಳ ಬಗ್ಗೆ ಮಾತಾಡುವುದು ಬಹಳ ಕಡಿಮೆ. ನನ್ನ ಕೇಳಿದರೆ ಅದು ತಪ್ಪು. ಲೈಪ್ಜಿಗ್ಗಿನಿಂದ ಪ್ರಸಾರವಾಗುವ ಹಾಡಿನ ಒಂದು ತುಂಡು ಎಷ್ಟೋ ವರ್ಷದಿಂದ ನಮ್ಮ ಪಕ್ಕದ ಓಣಿಯಲ್ಲೇ ಕನ್ನಡದಲ್ಲಿ ಹಾಡಿಕೊಂಡು ಇದೆ. ಶುಭ ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಚರ್ಚುಗಳಲ್ಲಿ ಶಿಲುಬೆಯ ಏಳು ಮಾತುಗಳ ಪ್ರಾರ್ಥನೆ ನಡೆಯುತ್ತದೆ. ಹೋಗಿ ಹಿಂದಿನ ಬೆಂಚಿನಲ್ಲಿ ಕೂತರೆ ಯಾರೂ ಬೇಡ ಅನ್ನುವುದಿಲ್ಲ. ಆ ಬಿಸಿಲಿನಲ್ಲಿ, ಫ್ಯಾನಿನ ಗರಗರದ ನಡುವೆ ಕೇಳಿಬಂದು, ಸಂಜೆ ಬಾಖ್ ಕೇಳಿ.

"ನಾವು ಆ ಧರ್ಮದವರಲ್ಲ, ನಂಬಿಕೆ ಇಲ್ಲದೆ ಕೇಳಿದ್ರೆ ಅರ್ಧ ಕೇಳಿದ ಹಾಗಲ್ವಾ?" ಅಂತ ಒಬ್ಬ ತಾಯಿ ಕೇಳಿದರು. ಇರಬಹುದು. ನಾನೂ ಚರ್ಚಿಗೆ ಹೋಗುವ ಮನೆಯವನಲ್ಲ. ಆದರೆ ಗದಗಿನಲ್ಲಿ ಬೆಳೆದ ಹುಡುಗ ಭೀಮಸೇನ ಜೋಶಿ ಅಂಗಡಿಯ ಮುಂದೆ ನಿಂತು ಅಬ್ದುಲ್ ಕರೀಂ ಖಾನ್ ಸಾಹೇಬರ ಪ್ಲೇಟು ಕೇಳಿ ಮನೆ ಬಿಟ್ಟು ಓಡಿದ್ದು ನಮ್ಮ ಊರಿನ ಕತೆ. ಶಿಶುನಾಳ ಷರೀಫರ ಪದ ಹಾಡುವಾಗ ಯಾರು ಯಾವ ಮನೆಯವರು ಅಂತ ನಾವು ಕೇಳುವುದಿಲ್ಲ. ಇದನ್ನು ಹೆಚ್ಚು ಎಳೆಯುವುದಿಲ್ಲ, ನಿಮಗೆ ಗೊತ್ತಿರುವುದೇ.

ಜರ್ಮನ್ ಬರದವರಿಗೆ ಒಂದು ಉಪಾಯ. ಕನ್ನಡ ಬೈಬಲ್ಲಿನಲ್ಲಿ ಮತ್ತಾಯನ 26 ಮತ್ತು 27ನೇ ಅಧ್ಯಾಯ ತೆರೆದಿಟ್ಟುಕೊಳ್ಳಿ. ಕತೆ ಹೇಳುವ ಟೆನರ್ ಅದನ್ನೇ ಸಾಲು ಬಿಡದೆ ಹೇಳುತ್ತಾನೆ. ಹೆಸರುಗಳು ಕಿವಿಗೆ ಬೀಳುತ್ತವೆ, ಪೇತ್ರ, ಯೂದ, ಪಿಲಾತ. ಬೆರಳಿಟ್ಟುಕೊಂಡು ಹೋದರೆ ದಾರಿ ತಪ್ಪುವುದಿಲ್ಲ.

ಏನು ಕೇಳಬೇಕು ಅಂತ ಪಟ್ಟಿ ಕೇಳಿದರು. ಪಟ್ಟಿ ಬೇಡ, ದಿನಕ್ಕೊಂದು ಸಾಕು. ಬುಧವಾರ ಅಥವಾ ಗುರುವಾರ ರಾತ್ರಿ ಸ್ಪೇನಿನ ಸಂಗೀತಗಾರ ವಿಕ್ಟೋರಿಯ 1585ರಲ್ಲಿ ಅಚ್ಚು ಮಾಡಿಸಿದ 'ಟೆನೆಬ್ರೆ' ಹಾಡುಗಳನ್ನು ಕೇಳಿ. ಆ ಪ್ರಾರ್ಥನೆಯಲ್ಲಿ ಮೇಣದಬತ್ತಿಗಳನ್ನು ಒಂದೊಂದಾಗಿ ಆರಿಸುತ್ತ ಹೋಗುತ್ತಾರೆ. ವಾದ್ಯವಿಲ್ಲ, ಬರೀ ಗಂಟಲು. ಇಟಲಿಯ ಅಲ್ಲೇಗ್ರಿ ಕಟ್ಟಿದ 'ಮಿಸರೇರೆ'ಯನ್ನೂ ಸೇರಿಸಿಕೊಳ್ಳಬಹುದು. ರೋಮಿನ ಸಿಸ್ಟೀನ್ ಚಾಪೆಲ್‌ನಲ್ಲಿ ಈಸ್ಟರ್ ಹಿಂದಿನ ವಾರ ಮಾತ್ರ ಅದನ್ನು ಹಾಡುತ್ತಿದ್ದರು. 1770ರಲ್ಲಿ ಹದಿನಾಲ್ಕರ ಮೊಜಾರ್ಟ್ ಅಲ್ಲಿ ಕೇಳಿ ಮನೆಗೆ ಬಂದು ನೆನಪಿನಿಂದ ಬರೆದಿಟ್ಟ. ಅದರಲ್ಲಿ ಈಗ ಎಲ್ಲರೂ ಬಾಯಿ ತೆರೆದು ಕೇಳುವ ಆ ಮುಗಿಲು ಮುಟ್ಟುವ ಸ್ವರ ಇದೆಯಲ್ಲ, ಅದನ್ನು ಅಲ್ಲೇಗ್ರಿ ಬರೆದೇ ಇರಲಿಲ್ಲ. ಎಷ್ಟೋ ಕಾಲದ ಮೇಲೆ, ನಕಲು ಮಾಡಿ ಅಚ್ಚು ಹಾಕುವವರ ಕೈಯಲ್ಲಿ ಸ್ಥಾಯಿ ಹೆಚ್ಚುಕಡಿಮೆಯಾಗಿ ಸೇರಿಕೊಂಡದ್ದು. ತಪ್ಪಿನಿಂದ ಬಂದರೂ ಚಂದವಾಗಿದೆ, ಯಾರೂ ತೆಗೆಯಲು ಒಪ್ಪುವುದಿಲ್ಲ.

ಶುಕ್ರವಾರ ಮ್ಯಾಥ್ಯೂ ಪ್ಯಾಶನ್. ಡಚ್ಚರಿಗೆ ಇದರ ಹುಚ್ಚು ಜಾಸ್ತಿ, ಈಸ್ಟರ್ ಬಂತೆಂದರೆ ಊರೂರಲ್ಲಿ ಹಾಡುತ್ತಾರೆ. ನೆದರ್‌ಲ್ಯಾಂಡ್ಸ್ ಬಾಖ್ ಸೊಸೈಟಿಯವರು ಇದನ್ನು ಯೂಟ್ಯೂಬಿನಲ್ಲಿ ಪುಕ್ಕಟೆ ಇಟ್ಟಿದ್ದಾರೆ, ಕಡಿಮೆ ಜನ, ಚುರುಕು ನಡೆ, ಒಂದೊಂದು ದನಿಯೂ ಬಿಡಿಯಾಗಿ ಕೇಳುತ್ತದೆ. ಹಳೆಯದು ಬೇಕೆಂದರೆ 1939ರ ಗರಿಗಳ ಭಾನುವಾರ (ಈಸ್ಟರ್ ಹಿಂದಿನ ಭಾನುವಾರ) ಆಮ್‌ಸ್ಟರ್‌ಡಾಮ್‌ನಲ್ಲಿ ಮೆಂಗೆಲ್ಬರ್ಗ್ ನಡೆಸಿದ್ದರ ರೆಕಾರ್ಡಿಂಗ್ ಇದೆ. ಭಾರೀ ಜನ, ಬಹಳ ನಿಧಾನ. ನನಗೆ ಅದು ಎಳೆದಾಟ ಅನಿಸುತ್ತದೆ. ಆದರೆ ವಿಲಂಬಿತ್ ಕೇಳಿ ಬೆಳೆದ ನಮ್ಮಲ್ಲಿ ಕೆಲವರಿಗೆ ಅದೇ ಹಿಡಿಸಿತು. ಎರಡನ್ನೂ ಕೇಳಿ ಜಗಳವಾಡಿ.

ಶನಿವಾರ ಏನೂ ಕೇಳಬೇಡಿ. ಇದನ್ನು ಕೇಳಿ ಎಲ್ಲರೂ ನಕ್ಕರು, ನಾನು ನಿಜವಾಗಿ ಹೇಳಿದ್ದು. ಚರ್ಚಿನಲ್ಲೂ ಹಗಲಿಡೀ ಪೂಜೆ ಇರುವುದಿಲ್ಲ. ರೇಡಿಯೊ ಬಂದ್ ಮಾಡಿ ಸಂತೆಗೆ ಹೋಗಿ ಬನ್ನಿ.

ಭಾನುವಾರಕ್ಕೆ ಎಲ್ಲರೂ ಹಲ್ಲೆಲೂಯ ಹಾಕುತ್ತಾರೆ. ನಾನು ಹೇಳುವುದು ಬಾಖ್ ಇನ್ನೂ ಸಣ್ಣ ವಯಸ್ಸಿನಲ್ಲಿ ಬರೆದ ಈಸ್ಟರ್ ಕಂಟಾಟ (ವಾದ್ಯದ ಜೊತೆ ಹಾಡುವ ಹಾಡುಗಳ ಸರಣಿ), ಬಾಖ್ ಕೃತಿಗಳ ಪಟ್ಟಿಯಲ್ಲಿ ನಂಬರ್ 4. ಇಪ್ಪತ್ತು ನಿಮಿಷದ ಆಸುಪಾಸು. ಜರ್ಮನಿಯ ಧರ್ಮಸುಧಾರಕ ಲೂಥರ್ 1524ರಲ್ಲಿ ಅಚ್ಚು ಮಾಡಿಸಿದ ಹಾಡಿನ ಏಳು ನುಡಿಗಳು, ಏಳಕ್ಕೂ ಧಾಟಿ ಒಂದೇ, ಪ್ರತಿ ನುಡಿಯ ಕೊನೆಗೆ ಅಲ್ಲೆಲೂಯ. ವಿಚಿತ್ರ ಏನಂದರೆ ಹಬ್ಬದ ಹಾಡಾದರೂ ಕುಣಿಯುವ ಸ್ವರದಲ್ಲಿಲ್ಲ, ಕೋಮಲ ಗಾಂಧಾರದ ಕಡೆಯದು. ಎರಡನೆಯ ನುಡಿಯಲ್ಲಿ, ಸಾವನ್ನು ಯಾರೂ ಗೆಲ್ಲಲಾರರು ಅನ್ನುವಾಗ, ಹೆಂಗಸರ ಅಥವಾ ಹುಡುಗರ ಎರಡು ದನಿಗಳು ಒಂದಕ್ಕೊಂದು ತಾಗಿಕೊಂಡು ಕೆಳಗಿಳಿಯುತ್ತವೆ. ಆ ನುಡಿಯೂ ಅಲ್ಲೆಲೂಯದಲ್ಲೇ ಮುಗಿಯುತ್ತದೆ, ಆದರೆ ಅದನ್ನು ಹಾಡುವಾಗ ಅವರಿಗೇ ಇನ್ನೂ ನಂಬಿಕೆ ಬಂದಿಲ್ಲ ಅನ್ನುವ ಹಾಗಿರುತ್ತದೆ. ಮೂರನೆಯ ನುಡಿಗೆ ಪಿಟೀಲು ಓಡತೊಡಗುತ್ತದೆ. ಮುಂಜಾನೆ ಕೇಳಿ, ಬಿಸಿಲು ಏರುವ ಮುಂಚೆ. ಆಮೇಲೆ ಬೇಕಾದರೆ ಹ್ಯಾಂಡೆಲ್ ಹಾಕಿ, ಜೋರಾಗೇ ಹಾಕಿ, ಪಕ್ಕದ ಮನೆಯವರೂ ಕೇಳಲಿ.

ಕೊನೆಗೆ ಒಬ್ಬ ಹುಡುಗ, ಎರಡೂವರೆ ಗಂಟೆ ಒಂದೇ ಕಡೆ ಕೂರಲು ನನ್ನಿಂದ ಆಗೋದಿಲ್ಲ, ಏನು ಮಾಡಲಿ ಅಂದ. ಮೊದಲ ಭಾಗ ಕೇಳಿ ಎದ್ದುಬಿಡು ಅಂದೆ. ಲೈಪ್ಜಿಗ್ಗಿನಲ್ಲಿ ಆ ಜಾಗದಲ್ಲಿ ಪ್ರವಚನ ಇತ್ತು. ನೀನು ಮಿರ್ಚಿ ಮಂಡಕ್ಕಿ ತಿಂದು ಬಾ.